ಕಂಪ್ಯೂಟರ್‌ಗೆ ಲಂಚ ತಿನ್ನಲು ಬಾಯಿಲ್ಲ, ಉತ್ತರ ಹೇಳಲೂ ಇಲ್ಲ

ಹೈದರಾಬಾದಿನಲ್ಲಿ ನಾಲ್ಕು ಜನ ಕನ್ನಡಿಗರು ಸೇರಿ ಸರ್ಕಾರಿ ಕಚೇರಿಯ ಮಾತು ತೆಗೆದರೆ ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ: ‘ಎಲ್ಲವನ್ನೂ ಕಂಪ್ಯೂಟರ್‌ಗೆ ಬಿಟ್ಟುಬಿಡಬೇಕು ಸ್ವಾಮಿ. ಅದಕ್ಕೆ ಲಂಚ ಬೇಡ, ಜಾತಿ ಗೊತ್ತಿಲ್ಲ, ಊಟಕ್ಕೆ ಹೋಗಿ ನಾಲ್ಕಕ್ಕೆ ಬರುವುದಿಲ್ಲ.’ ಎದುರಾಡುವವರು ಕಡಿಮೆ. ಈ ಊರು ಕಳೆದ ಕಾಲು ಶತಮಾನ ಬೆಳೆದದ್ದೇ ಈ ನಂಬಿಕೆಯ ಮೇಲೆ. 1998ರಲ್ಲಿ ಮಾದಾಪುರದ ಬಂಡೆಗಳ ಪಕ್ಕ ಹೈಟೆಕ್ ಸಿಟಿ ಎದ್ದಿತು, 2001ರಲ್ಲಿ ಬಿಲ್ಲು ಕಟ್ಟುವ ಇ-ಸೇವಾ ಕೇಂದ್ರ ಬಂತು, 2011ರಲ್ಲಿ ಪ್ರಮಾಣಪತ್ರ ಕೊಡುವ ಮೀಸೇವಾ. ಕರೆಂಟ್ ಬಿಲ್ಲಿಗೆ ಅರ್ಧ ದಿನ ಸಾಲಿನಲ್ಲಿ ನಿಂತವರಿಗೆ, ಒಂದು ಆದಾಯ ಪ್ರಮಾಣಪತ್ರಕ್ಕೆ ಮೂರು ಸಲ ಕೈ ಬಿಸಿ ಮಾಡಿದವರಿಗೆ ಅದು ಸಣ್ಣ ಸುಖವಲ್ಲ. ಆ ಸುಖವನ್ನು ಅಲ್ಲಗಳೆಯುವ ಉದ್ದೇಶ ನನಗಿಲ್ಲ. ಆದರೆ ಕೌಂಟರಿನಲ್ಲಿ ಕಾಗದ ಮುದ್ರಿಸಿ ಕೊಡುವ ಕಂಪ್ಯೂಟರ್ ಬೇರೆ, ನಿನಗೆ ಅಕ್ಕಿ ಉಂಟೋ ಇಲ್ಲವೋ ಎಂದು ತೀರ್ಮಾನಿಸುವ ಕಂಪ್ಯೂಟರ್ ಬೇರೆ. ಮೊದಲನೆಯದರ ಹೆಸರಿನಲ್ಲಿ ಬಂದ ಕೀರ್ತಿಯನ್ನು ನಾವು ಎರಡನೆಯದಕ್ಕೆ ಪುಕ್ಕಟೆಯಾಗಿ ದಾಟಿಸಿಬಿಟ್ಟಿದ್ದೇವೆ.

ನಮ್ಮ ಡಿಜಿಟಲ್ ಜಗಳಗಳೆಲ್ಲ ಜೇಬಿನಲ್ಲಿರುವ ಫೋನಿನ ಸುತ್ತ. 2021ರ ಜನವರಿಯಲ್ಲಿ ವಾಟ್ಸ್ಆ್ಯಪ್ ತನ್ನ ಖಾಸಗಿತನದ ನಿಯಮ ಬದಲಿಸಿತೆಂದು ನಮ್ಮ ಕುಟುಂಬದ ಗುಂಪುಗಳೆಲ್ಲ ಸಿಗ್ನಲ್‌ಗೆ ಗುಳೆ ಹೊರಟವು. ವಾರದೊಳಗೆ ಅರ್ಧ ಜನ ವಾಪಸ್ ಬಂದರು, ಅದು ಬೇರೆ ಮಾತು. ಆಂಡ್ರಾಯ್ಡ್ ಮೇಲೋ ಐಫೋನ್ ಮೇಲೋ, ಯಾವ ಕಂಪನಿ ನಮ್ಮ ಮಾತು ಕದ್ದು ಕೇಳುತ್ತದೆ, ಇದೇ ಚರ್ಚೆ. ಅದೇ ವರ್ಷಗಳಲ್ಲಿ ಇದೇ ಊರಿನ ಇನ್ನೊಂದು ಕಂಪ್ಯೂಟರ್ ಲಕ್ಷಾಂತರ ಮನೆಗಳ ಬಗ್ಗೆ ತೀರ್ಪು ಕೊಡುತ್ತಿತ್ತು. ಆ ಮನೆಗಳವರು ಆ ಕಂಪ್ಯೂಟರನ್ನು ನೋಡಿರಲಿಲ್ಲ, ಅದರ ಹೆಸರನ್ನೂ ಕೇಳಿರಲಿಲ್ಲ.

ಹೆಸರು ಸಮಗ್ರ ವೇದಿಕ. 2016ರ ಸುಮಾರಿಗೆ ತೆಲಂಗಾಣ ಸರ್ಕಾರ ಕಟ್ಟಿದ ವ್ಯವಸ್ಥೆ. ಹೆಸರು ಹೊಂದಿಸುವ ತಂತ್ರಾಂಶ ಹೈದರಾಬಾದಿನದೇ ಆದ ಪೊಸಿಡೆಕ್ಸ್ ಕಂಪನಿಯದು. ವಾಹನ ನೋಂದಣಿ, ಆಸ್ತಿ, ಭೂಮಿ, ವಿದ್ಯುತ್, ನೌಕರಿ ಹೀಗೆ ಸುಮಾರು 30 ಇಲಾಖೆಗಳ ಕಡತಗಳನ್ನು ಜಾಲಾಡಿ, ‘ಈ ರೇಷನ್ ಕಾರ್ಡಿನವನೂ ಆ ಕಾರಿನ ಮಾಲೀಕನೂ ಒಬ್ಬನೇ’ ಎಂದು ಊಹಿಸುವುದು ಅದರ ಕೆಲಸ. ತೆಲಂಗಾಣದಲ್ಲಿ ಆಹಾರ ಭದ್ರತಾ ಕಾರ್ಡಿಗೆ ಹಳ್ಳಿಯಲ್ಲಿ ವರ್ಷದ ಆದಾಯ ಒಂದೂವರೆ ಲಕ್ಷ, ಪಟ್ಟಣದಲ್ಲಿ 2 ಲಕ್ಷ ದಾಟಬಾರದು. ಮನೆಯಲ್ಲಿ ಕಾರಿದ್ದರೆ ಕಾರ್ಡಿಲ್ಲ. ನಿಯಮದಲ್ಲಿ ತಪ್ಪೇನಿಲ್ಲ. ಕಾರು ಯಾರದು ಎಂಬಲ್ಲಿ ತೊಡಕು.

ಹಳೆ ಹೈದರಾಬಾದಿನ ಒಬ್ಬ ವಿಧವೆಯ ಪ್ರಕರಣ ಪತ್ರಿಕೆಗಳಲ್ಲೂ ಹೈಕೋರ್ಟಿನಲ್ಲೂ ಬಂದಿದೆ. ಗಂಡ ಸೈಕಲ್ ರಿಕ್ಷಾ ತುಳಿಯುತ್ತಿದ್ದವನು. ಕಂಪ್ಯೂಟರ್ ಅವನನ್ನು ಕಾರಿನ ಮಾಲೀಕನೆಂದು ಗುರುತಿಸಿತು, ಏಕೆಂದರೆ ಅವನ ಹೆಸರನ್ನೇ ಹೋಲುವ ಇನ್ನೊಬ್ಬನ ಹತ್ತಿರ ಕಾರಿತ್ತು. ತಲೆಗೆ 6 ಕಿಲೋದಂತೆ ಸಿಗುತ್ತಿದ್ದ ರೂಪಾಯಿ ಅಕ್ಕಿ ನಿಂತಿತು. ಈಗ ಆ ಮುದುಕಿ ಸಾಬೀತು ಮಾಡಬೇಕಾದದ್ದೇನು? ತನ್ನ ಸತ್ತ ಗಂಡನ ಹತ್ತಿರ ಕಾರು ಇರಲಿಲ್ಲ ಎಂದು. ಕಾರು ಇದೆ ಎನ್ನಲು ಆರ್‌ಸಿ ಪುಸ್ತಕ ಉಂಟು. ಇಲ್ಲ ಎನ್ನಲು ಯಾವ ಕಚೇರಿ ಯಾವ ಕಾಗದ ಕೊಡುತ್ತದೆ?

ಇದು ಅಪರೂಪಕ್ಕೆ ಆದ ಎಡವಟ್ಟು ಎನ್ನುವವರು ದಖ್ಖನ್ನಿನ ಹೆಸರುಗಳನ್ನು ಗಮನಿಸಿಲ್ಲ. ಹಳೆ ಪೇಟೆಯ ಸೈಯದ್ ಅಲಿ, ಮೊಹಮ್ಮದ್ ಇಸ್ಮಾಯಿಲರಿಗೆ ಮನೆತನದ ಹೆಸರಿಲ್ಲ. ಒಂದು ಗಲ್ಲಿಯಲ್ಲೇ ನಾಲ್ಕು ಜನ ಸಿಗುತ್ತಾರೆ. ತೆಲುಗರ ಮನೆಹೆಸರು ಒಂದು ದಾಖಲೆಯಲ್ಲಿ ಪೂರ್ತಿ ಇದ್ದರೆ ಇನ್ನೊಂದರಲ್ಲಿ ಬರೀ ಇನಿಷಿಯಲ್. ರಾಯಚೂರು, ಯಾದಗಿರಿ ಕಡೆಯಿಂದ ಕಟ್ಟಡದ ಕೂಲಿಗೆ ಬಂದ ಮಲ್ಲಪ್ಪ ಊರಿನಲ್ಲಿ ‘ಮಲ್ಲಪ್ಪ ತಂದೆ ಬಸಪ್ಪ’, ಇಲ್ಲಿಗೆ ಬಂದ ಮೇಲೆ ಮಲ್ಲೇಶ್. ಲಕ್ಷ್ಮಿಯನ್ನು ಇಂಗ್ಲಿಷಿನಲ್ಲಿ ಒಬ್ಬ ಗುಮಾಸ್ತ ಕೆ-ಎಸ್-ಎಚ್ ಹಾಕಿ ಬರೆಯುತ್ತಾನೆ, ಇನ್ನೊಬ್ಬ ಎಕ್ಸ್ ಹಾಕಿ. ಇಂಥ ಕಡತಗಳನ್ನು ಹೊಂದಿಸಬೇಕಾದರೆ ತಂತ್ರಾಂಶ ಕಾಗುಣಿತದ ವ್ಯತ್ಯಾಸಗಳನ್ನು ಕ್ಷಮಿಸಲೇಬೇಕು. ಹೆಚ್ಚು ಕ್ಷಮಿಸಿದರೆ ಇಬ್ಬರು ಒಬ್ಬರಾಗುತ್ತಾರೆ, ರಿಕ್ಷಾದವನಿಗೆ ಕಾರು ಬರುತ್ತದೆ. ಕಡಿಮೆ ಕ್ಷಮಿಸಿದರೆ ಒಬ್ಬ ಇಬ್ಬರಾಗುತ್ತಾನೆ, ಕಾರಿನವನಿಗೂ ಅಕ್ಕಿ ಸಿಗುತ್ತದೆ. ಎಷ್ಟು ಕ್ಷಮಿಸಬೇಕು ಎಂಬುದು ಗಣಿತದ ಪ್ರಶ್ನೆಯಂತೆ ಕಂಡರೂ ಅಪ್ಪಟ ರಾಜಕೀಯದ ಪ್ರಶ್ನೆ: ಅನರ್ಹನೊಬ್ಬ ಉಂಡರೆ ಹೆಚ್ಚು ನಷ್ಟವೋ, ಅರ್ಹಳೊಬ್ಬಳು ಉಪವಾಸ ಬಿದ್ದರೆ ಹೆಚ್ಚು ನಷ್ಟವೋ? ವಿಧಾನಸಭೆಯಲ್ಲಿ ಕೂಗಾಡಿ ತೀರ್ಮಾನಿಸಬೇಕಾದ ಈ ಪ್ರಶ್ನೆಯನ್ನು ಒಂದು ಸೆಟ್ಟಿಂಗ್ ಮಾಡಿ ಮುಗಿಸಲಾಯಿತು. ‘ಕಂಪ್ಯೂಟರ್‌ಗೆ ಪಕ್ಷಪಾತವಿಲ್ಲ’ ಎಂಬ ಮಾತು ನಿಲ್ಲದಿರುವುದು ಇಲ್ಲಿಯೇ. ಅದು ಯಾರ ಕಡೆ ವಾಲಬೇಕೆಂದು ಮೊದಲೇ ಹೇಳಿಕೊಟ್ಟಿರುತ್ತಾರೆ.

2014ರಿಂದ 2019ರವರೆಗೆ ತೆಲಂಗಾಣದಲ್ಲಿ ರದ್ದಾದ ಕಾರ್ಡುಗಳು 18 ಲಕ್ಷಕ್ಕೂ ಹೆಚ್ಚು. ಎಲ್ಲವೂ ಈ ವ್ಯವಸ್ಥೆಯ ಕೆಲಸವಲ್ಲ, ಮೊದಲೆರಡು ವರ್ಷ ಅದು ಇರಲೇ ಇಲ್ಲ. ಎಲ್ಲ ರದ್ದತಿಯೂ ತಪ್ಪಲ್ಲ. ಅವಿಭಜಿತ ಆಂಧ್ರದಲ್ಲಿ ಬೋಗಸ್ ಕಾರ್ಡುಗಳ ಸುಗ್ಗಿಯೇ ಇತ್ತೆಂಬುದು ಯಾರಿಗೂ ಗುಟ್ಟಲ್ಲ. ಆದರೆ ನೋಟಿಸಿಲ್ಲದೆ, ಮನೆ ಬಾಗಿಲಿಗೆ ಯಾರೂ ಬಾರದೆ ಕಾರ್ಡು ಹೋಯಿತೆಂಬ ದೂರನ್ನು ಹೈದರಾಬಾದಿನ ಸಾಮಾಜಿಕ ಕಾರ್ಯಕರ್ತ ಎಸ್.ಕ್ಯು. ಮಸೂದ್ ಸುಪ್ರೀಂ ಕೋರ್ಟಿಗೆ ಒಯ್ದರು. 2022ರ ಏಪ್ರಿಲ್‌ನಲ್ಲಿ ಕೋರ್ಟು, ರದ್ದಾದ 19 ಲಕ್ಷದಷ್ಟು ಕಾರ್ಡುಗಳನ್ನು ಮತ್ತೆ ಖುದ್ದು ಪರಿಶೀಲಿಸಿ ಎಂದಿತು. ಮರುಪರಿಶೀಲನೆ ಕೋರಿ ಬಂದ ಅರ್ಜಿ 4,91,899. ಅದರಲ್ಲಿ ಆ ಜುಲೈವರೆಗೆ ನೋಡಿದ್ದು 2,05,734. ಅರ್ಹರೆಂದು ಕಂಡವರು 15,471.

ಇಲ್ಲಿ ವ್ಯವಸ್ಥೆಯ ಪರ ವಕಾಲತ್ತು ಹಾಕುವವರು ಮೈಕೊಡವಿ ಎದ್ದು ನಿಲ್ಲುತ್ತಾರೆ. ಶೇ 7.5 ಮಾತ್ರ ತಪ್ಪು, ಶೇ 92.5 ಸರಿ, ಯಾವ ತಹಶೀಲ್ದಾರ್ ಇಷ್ಟು ಸರಿಯಾಗಿ ಕೆಲಸ ಮಾಡುತ್ತಾನೆ? ಲೆಕ್ಕ ಚೆನ್ನಾಗಿದೆ. ಆದರೆ ಇದು ಅರ್ಜಿ ಹಾಕಿದವರ ಲೆಕ್ಕ. ಕಾರ್ಡು ಕಳಕೊಂಡವರಲ್ಲಿ ಸುಮಾರು ಮುಕ್ಕಾಲು ಪಾಲು ಅರ್ಜಿಯನ್ನೇ ಹಾಕಲಿಲ್ಲ. ಅವರೆಲ್ಲ ಸಿಕ್ಕಿಬಿದ್ದ ಕಳ್ಳರೋ, ಭಿವಂಡಿಗೋ ಮುಂಬಯಿಗೋ ದುಡಿಯಲು ಹೋದವರೋ, ಸತ್ತೇ ಹೋದವರೋ ಎಂಬುದಕ್ಕೆ ಆ ಅಂಕಿಯಲ್ಲಿ ಉತ್ತರವಿಲ್ಲ. ಅದಕ್ಕಿಂತ ಮುಖ್ಯವಾದದ್ದು, ಆ 15,471 ಮನೆಗಳವರಿಗೆ ತಮ್ಮ ಪಾಲಿನ ಅನ್ನ ತಪ್ಪಿದ್ದು ಶೇ 7.5 ಅಲ್ಲ, ಪೂರ್ತಿ; ಅದೂ ವರ್ಷಗಟ್ಟಲೆ. ಅಷ್ಟೂ ಕಾಲ ಅವರು ಕೊಂಡು ತಿಂದ ಅಕ್ಕಿಯ ಬೆಲೆಯನ್ನು ಯಾರು ಕೊಟ್ಟರು? ಬ್ಯಾಂಕು ನಮ್ಮ ಖಾತೆಯಿಂದ ತಪ್ಪಿ ಐನೂರು ರೂಪಾಯಿ ಕತ್ತರಿಸಿದರೆ ನಾವು ಟ್ವೀಟು ಮಾಡಿ, ಓಂಬುಡ್ಸ್‌ಮನ್‌ಗೆ ಬರೆದು ವಸೂಲಿ ಮಾಡುತ್ತೇವೆ.

ಹಳೆಯ ಗುಮಾಸ್ತನನ್ನು ಹೊಗಳುವುದಕ್ಕೆ ನಾನು ಹೊರಟಿಲ್ಲ. ಅವನು ಕಾಡುತ್ತಿದ್ದ, ಕಾಯಿಸುತ್ತಿದ್ದ, ಜಾತಿ ಕೇಳುತ್ತಿದ್ದ. ಆದರೆ ಅವನಿಗೊಂದು ಮುಖವಿತ್ತು, ಒಂದು ಮೇಜಿತ್ತು. ಅವನ ಮುಂದೆ ಅಳಬಹುದಿತ್ತು, ಜಗಳ ಕಾಯಬಹುದಿತ್ತು, ಕಾರ್ಪೊರೇಟರನ್ನು ಕರಕೊಂಡು ಹೋಗಿ ಗದರಿಸಬಹುದಿತ್ತು. ಈಗ ರೇಷನ್ ಅಂಗಡಿಯವನು ‘ಮಿಷನ್ನಿನಲ್ಲಿ ಹೆಸರಿಲ್ಲಮ್ಮಾ’ ಎನ್ನುತ್ತಾನೆ, ನಿಜವನ್ನೇ ಹೇಳುತ್ತಾನೆ. ಮೀಸೇವಾ ಹುಡುಗ ಪರದೆಯನ್ನು ಈ ಕಡೆ ತಿರುಗಿಸಿ ‘ಸಿಸ್ಟಮ್ ತಗೊಳ್ತಾ ಇಲ್ಲ’ ಎನ್ನುತ್ತಾನೆ, ಅವನದೂ ನಿಜ. ತಹಶೀಲ್ ಕಚೇರಿಯಲ್ಲಿ ‘ಮೇಲಿನಿಂದಲೇ ತೆಗೆದಿದ್ದಾರೆ’. ಮೇಲೆ ಯಾರು? ತಂತ್ರಾಂಶದ ಒಳಗುಟ್ಟನ್ನು ಮಾಹಿತಿ ಹಕ್ಕಿನಲ್ಲಿ ಕೇಳಿದರೆ ಅದು ಕಂಪನಿಯ ಸ್ವತ್ತು, ಕೊಡಲಾಗದು ಎಂಬ ಉತ್ತರ. ಅಂದರೆ ಸರ್ಕಾರ ಒಂದು ತೀರ್ಪು ಕೊಟ್ಟಿದೆ, ಆ ತೀರ್ಪಿನ ಕಾರಣ ಒಂದು ಖಾಸಗಿ ಕಂಪನಿಯ ವ್ಯಾಪಾರದ ಗುಟ್ಟು! ಗುಮಾಸ್ತನ ದರ್ಪ ಹೋಗಿಲ್ಲ; ಗುಮಾಸ್ತ ಮಾತ್ರ ಹೋಗಿದ್ದಾನೆ.

ಇದೇ ನಂಬಿಕೆಯ ಇನ್ನೊಂದು ಮುಖ ಕ್ಯಾಮೆರಾ. ‘ತಪ್ಪು ಮಾಡದವನಿಗೆ ಹೆದರಿಕೆ ಯಾಕೆ?’ ಎಂಬುದು ಅಪಾರ್ಟ್‌ಮೆಂಟ್ ಸಭೆಗಳ ವೇದವಾಕ್ಯ. 2021ರ ಮೇ ತಿಂಗಳ ಲಾಕ್‌ಡೌನಿನಲ್ಲಿ ಇದೇ ಮಸೂದರನ್ನು ಪೊಲೀಸರು ಹಳೆ ಪೇಟೆಯ ರಸ್ತೆಯಲ್ಲಿ ನಿಲ್ಲಿಸಿ, ಮಾಸ್ಕ್ ತೆಗೆಯಲು ಹೇಳಿ, ಫೋಟೋ ಹಿಡಿದರು. ರೋಗ ಹರಡದಂತೆ ಮುಖ ಮುಚ್ಚಿಕೊಳ್ಳಿ ಎಂದು ದಂಡ ಹಾಕುತ್ತಿದ್ದ ಕಾಲವದು. ಯಾವ ಕಾನೂನಿನಡಿ ಫೋಟೋ, ಎಲ್ಲಿ ಇಡುತ್ತೀರಿ, ಯಾವಾಗ ಅಳಿಸುತ್ತೀರಿ ಎಂದು ಅವರು ನೋಟಿಸು ಕೊಟ್ಟು, ಉತ್ತರ ಬಾರದೆ ತೆಲಂಗಾಣ ಹೈಕೋರ್ಟಿಗೆ ಹೋದರು. 2022ರ ಜನವರಿಯಲ್ಲಿ ಕೋರ್ಟು ಸರ್ಕಾರಕ್ಕೆ ನೋಟಿಸು ಕೊಟ್ಟಿತು. ಅದೇ ವರ್ಷ ಆಗಸ್ಟ್‌ನಲ್ಲಿ ಬಂಜಾರಾ ಹಿಲ್ಸ್‌ನಲ್ಲಿ ಪೊಲೀಸ್ ಕಮಾಂಡ್ ಕಂಟ್ರೋಲ್ ಸೆಂಟರಿನ ಗೋಪುರಗಳೂ ಉದ್ಘಾಟನೆಯಾದವು. ಇಂಥ ಫೋಟೋಗಳನ್ನು ಹೋಲಿಸಿ ಮುಖ ಗುರುತಿಸುವ ತಂತ್ರಾಂಶವೂ ಹೆಸರು ಹೊಂದಿಸುವ ತಂತ್ರಾಂಶದ ಅಣ್ಣತಮ್ಮನೇ: ಇಷ್ಟು ಹೋಲಿದರೆ ಅವನೇ ಇವನು ಎಂಬ ಊಹೆ. ದೆಹಲಿ ಪೊಲೀಸರು ಮಾಹಿತಿ ಹಕ್ಕಿನ ಉತ್ತರದಲ್ಲಿ ಶೇ 80 ಹೋಲಿಕೆಯನ್ನು ಸರಿಯಾದ ಗುರುತೆಂದು ಎಣಿಸುತ್ತೇವೆ ಎಂದಿದ್ದಾರೆ. ಎಪ್ಪತ್ತೊಂಬತ್ತಕ್ಕೆ ನೀವು ಯಾರೋ ದಾರಿಹೋಕರು, ಎಂಬತ್ತಕ್ಕೆ ಆರೋಪಿ. ಅನ್ನದ ವಿಷಯದಲ್ಲಿ ಕೋರ್ಟಿಗೆ ಹೋದವರೂ ಮುಖದ ವಿಷಯದಲ್ಲಿ ಹೋದವರೂ ಒಬ್ಬರೇ ಆಗಿದ್ದು ಕಾಕತಾಳೀಯವಲ್ಲ. ಈ ಎರಡೂ ಯಂತ್ರಗಳ ಪೆಟ್ಟು ಬೀಳುವ ಮೊಹಲ್ಲಾಗಳು ಅವೇ.

ಖಾಸಗಿತನದ ಪರವಾಗಿ ಮಾತಾಡುವ ನಮ್ಮಂಥವರದೂ ಒಂದು ಸಿದ್ಧ ಉತ್ತರವಿದೆ: ಸುಪ್ರೀಂ ಕೋರ್ಟು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಹೇಳಿಬಿಟ್ಟಿದೆಯಲ್ಲ! ಹೇಳಿದೆ, 2017ರ ಆಗಸ್ಟ್ 24ರಂದು. ಆ ಮೊಕದ್ದಮೆಗೆ ಹೆಸರು ಕೊಟ್ಟವರು ನಮ್ಮವರೇ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ, ಆಂಧ್ರಪ್ರದೇಶದ ಹಿಂದುಳಿದ ವರ್ಗಗಳ ಆಯೋಗವನ್ನೂ ನಡೆಸಿದವರು. ಕನ್ನಡಿಗರಿಗೆ ಹೆಮ್ಮೆಪಡಲು ಕಾರಣವಿದೆ. ಆದರೆ ಮರುವರ್ಷ, 2018ರ ಸೆಪ್ಟೆಂಬರ್‌ನಲ್ಲಿ, ಅವರ ಹೆಸರಿನದೇ ಆಧಾರ್ ತೀರ್ಪು ಆ ಹಕ್ಕನ್ನು ಹಂಚಿದ ಬಗೆ ನೋಡಿ. ಸಿಮ್ಮಿಗೆ, ಬ್ಯಾಂಕ್ ಖಾತೆಗೆ ಆಧಾರ್ ಕಡ್ಡಾಯವಲ್ಲ ಎಂದಿತು. ಸರ್ಕಾರಿ ಸಬ್ಸಿಡಿಗೆ ಕಡ್ಡಾಯ ಮಾಡಬಹುದು ಎಂದಿತು. ಸಿಮ್ ಕೊಳ್ಳುವವನಿಗೆ ಬಿಡುಗಡೆ, ಅಕ್ಕಿ ಕೇಳುವವನಿಗೆ ಹೆಬ್ಬೆಟ್ಟು. 2023ರ ವೈಯಕ್ತಿಕ ದತ್ತಾಂಶ ಕಾಯ್ದೆಯೂ ಅದೇ ಜಾಡು ಹಿಡಿದು, ಸಬ್ಸಿಡಿ, ಸವಲತ್ತು ಕೊಡುವುದಕ್ಕಾಗಿ ಸರ್ಕಾರ ಪ್ರಜೆಯ ಮಾಹಿತಿಯನ್ನು ಹೊಸದಾಗಿ ಒಪ್ಪಿಗೆ ಕೇಳದೆ ಬಳಸಲು ದಾರಿ ಬಿಟ್ಟಿತು. ವಾಟ್ಸ್ಆ್ಯಪ್ ಬಿಟ್ಟು ಸಿಗ್ನಲ್‌ಗೆ ಹೋಗಬಲ್ಲವರಿಗೆ ಹಕ್ಕು ಸಿಕ್ಕಿತು. ರೇಷನ್ ಅಂಗಡಿ ಬಿಟ್ಟು ಎಲ್ಲಿಗೂ ಹೋಗಲಾರದವರಿಗೆ ವಿನಾಯಿತಿಯ ಕಲಮು ಸಿಕ್ಕಿತು.

ಗಡಿಯ ಆಚೆಯೂ ನಾವೇನು ಸಾಚಾಗಳಲ್ಲ. ಕರ್ನಾಟಕದಲ್ಲೂ ‘ಕುಟುಂಬ’ ಎಂಬ ದತ್ತಾಂಶ ವ್ಯವಸ್ಥೆಯಿದೆ. ಗೃಹಲಕ್ಷ್ಮಿ ಯೋಜನೆ ಶುರುವಾದಾಗ ತೆರಿಗೆಯ ಗಂಧಗಾಳಿಯಿಲ್ಲದ ಹೆಂಗಸರು ತೆರಿಗೆದಾರರ ಪಟ್ಟಿಯಲ್ಲಿ ಸಿಕ್ಕಿಕೊಂಡು ಅಲೆದಾಡಿದರು. 2024ರ ನವೆಂಬರ್‌ನಲ್ಲಿ ಬಿಪಿಎಲ್ ಕಾರ್ಡುಗಳ ರದ್ದತಿಗೆ ಊರೂರಲ್ಲಿ ಗಲಾಟೆ ಎದ್ದ ಮೇಲೆ ಸರ್ಕಾರ ಹಿಂದೆ ಸರಿದು, ಸರ್ಕಾರಿ ನೌಕರರು ಮತ್ತು ಆದಾಯ ತೆರಿಗೆ ಕಟ್ಟುವವರನ್ನು ಬಿಟ್ಟು ಉಳಿದವರ ಕಾರ್ಡು ಮರಳಿಸುವುದಾಗಿ ಹೇಳಿತು. ಹಾಗೆ ಸರಿಯಿತೆಂಬುದೇ ಸಮಾಧಾನ. ನೆದರ್ಲೆಂಡ್ಸ್‌ನಲ್ಲಿ ಮಕ್ಕಳ ಪಾಲನೆಯ ಭತ್ಯೆ ಪಡೆಯುತ್ತಿದ್ದ ಸಾವಿರಾರು ತಂದೆತಾಯಂದಿರನ್ನು ವಂಚಕರೆಂದು ತಪ್ಪಾಗಿ ಎಣಿಸಿದ್ದಕ್ಕೆ 2021ರ ಜನವರಿಯಲ್ಲಿ ಇಡೀ ಸಂಪುಟವೇ ರಾಜೀನಾಮೆ ಕೊಟ್ಟಿತು. ಹೈದರಾಬಾದಿನಲ್ಲಿ ಕಾರ್ಡು ಕಳಕೊಂಡವರಿಗೆ ಸಿಕ್ಕಿದ್ದು ಮತ್ತೊಮ್ಮೆ ಅರ್ಜಿ ಹಾಕುವ ಅವಕಾಶ.

ಯಂತ್ರವನ್ನು ಒಡೆದು ಹಾಕಿ ಎಂದು ಯಾರೂ ಕೇಳುತ್ತಿಲ್ಲ. ಅನುಮಾನ ಪಡುವ ಕೆಲಸವನ್ನು ಅದು ಮಾಡಲಿ, ತೀರ್ಮಾನ ಅದರದಾಗಬಾರದು. ಕಾರ್ಡು ತೆಗೆಯುವ ಮೊದಲು ಕಾರಣ ಬರೆದ ನೋಟಿಸು, ಅದರ ಕೆಳಗೆ ಒಬ್ಬ ಅಧಿಕಾರಿಯ ಹೆಸರು, ವಿಚಾರಣೆ ಮುಗಿಯುವವರೆಗೆ ಅಕ್ಕಿ ನಿಲ್ಲದಿರುವುದು. ಕಾರಿನ ನಂಬರು ಸರ್ಕಾರದ ಹತ್ತಿರವೇ ಇದೆಯಲ್ಲ. ನೋಟಿಸಿನಲ್ಲಿ ಆ ನಂಬರು ಬರೆದಿದ್ದರೆ ಆ ವಿಧವೆಯ ನೆರೆಮನೆಯ ಹುಡುಗನೇ ಅದು ಯಾರ ಕಾರೆಂದು ಅರ್ಧ ಗಂಟೆಯಲ್ಲಿ ಹುಡುಕಿ ಹೇಳುತ್ತಿದ್ದ.

2025ರ ಜನವರಿ 21ರಿಂದ 24ರವರೆಗೆ ತೆಲಂಗಾಣದಲ್ಲಿ ಹೊಸ ರೇಷನ್ ಕಾರ್ಡುಗಳ ಸಲುವಾಗಿ ಗ್ರಾಮಸಭೆಗಳು ನಡೆದವು. ಫಲಾನುಭವಿಗಳ ಪಟ್ಟಿಗಳನ್ನು ಜನರ ಎದುರೇ ಓದಿದರು. ಹೆಸರು ಬಿಟ್ಟುಹೋದವರು ಎದ್ದು ನಿಂತು ಅಧಿಕಾರಿಗಳನ್ನು ತರಾಟೆಗೆ ತೆಗೆದುಕೊಂಡರು, ಎಷ್ಟೋ ಕಡೆ ಸಭೆ ರಣರಂಗವಾಯಿತು. ಆಡಳಿತದ ಎಡವಟ್ಟು, ಗೊಂದಲ, ಗದ್ದಲ ಎಂದು ಸುದ್ದಿಯಾಯಿತು. ‘ಇದಕ್ಕೇ ಹೇಳುವುದು, ಎಲ್ಲ ಆನ್‌ಲೈನ್ ಮಾಡಿ’ ಎಂದು ನಮ್ಮ ಮಿತ್ರರೂ ಹೇಳಿದರು. ನನಗೆ ಮಾತ್ರ ಹತ್ತು ವರ್ಷದ ಈ ಇಡೀ ಕಥೆಯಲ್ಲಿ ಆಡಳಿತ ಸರಿಯಾಗಿ ನಡೆದಂತೆ ಕಂಡದ್ದು ಆ ನಾಲ್ಕು ದಿನ. ಪಟ್ಟಿ ಕೈಯಲ್ಲಿ ಹಿಡಿದವನೊಬ್ಬ ಎದುರಿಗಿದ್ದ, ನನ್ನ ಹೆಸರು ಯಾಕಿಲ್ಲ ಎಂದು ಕೇಳಲು ಅವಕಾಶವಿತ್ತು, ಬೈಸಿಕೊಂಡವನೇ ಅಲ್ಲಿ ಕೂತು ಹೊಸ ಅರ್ಜಿಯನ್ನೂ ತೆಗೆದುಕೊಳ್ಳಬೇಕಿತ್ತು.