ಅನುಭವ ಕೇಳುವವರು, ಕೊಡದವರು

ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬ ಗಾದೆಯನ್ನು ಚಾಮರಾಜನಗರ, ಗುಂಡ್ಲುಪೇಟೆಗಳಲ್ಲಿ ನರ್ಸಿಂಗ್ ಮುಗಿಸಿ ಬಂದ ಹೊಸಬರಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಅರ್ಜಿ ಹಿಡಿದು ಹೋದಲ್ಲೆಲ್ಲ ಮೊದಲ ಪ್ರಶ್ನೆ, ‘ಎಕ್ಸ್‌ಪೀರಿಯನ್ಸ್ ಎಷ್ಟಿದೆ?’ ಇಲ್ಲ ಎಂದರೆ ಎರಡೇ ದಾರಿ. ಕೊಟ್ಟಷ್ಟು ಸಂಬಳಕ್ಕೆ ತಲೆಯಾಡಿಸಿ ‘ಟ್ರೈನಿ’ ಅನ್ನಿಸಿಕೊಳ್ಳಬೇಕು, ಇಲ್ಲವೇ ಮೈಸೂರಿನ ಬಸ್ಸು ಹತ್ತಬೇಕು. ಹತ್ತಿದವರಲ್ಲಿ ಊರಿಗೆ ಮರಳುವವರು ಕಡಿಮೆ. ಮೈಸೂರು ಬೆಂಗಳೂರಿಗೆ ದಾರಿ, ಬೆಂಗಳೂರು ಕೊಲ್ಲಿ ದೇಶಗಳಿಗೆ.

ಈ ಪ್ರಶ್ನೆಗೆ ಎಷ್ಟು ಹುರುಳಿದೆ? ಜಿಎನ್‌ಎಂ (ಜನರಲ್ ನರ್ಸಿಂಗ್ ಮತ್ತು ಮಿಡ್‌ವೈಫರಿ) ಮೂರು ವರ್ಷದ ಕೋರ್ಸು. ಅದರ ಕೊನೆಯ ಆರು ತಿಂಗಳು ಇಂಟರ್ನ್‌ಶಿಪ್. ಬಿಎಸ್ಸಿ ನರ್ಸಿಂಗ್ ನಾಲ್ಕು ವರ್ಷದ್ದು. ಭಾರತೀಯ ಶುಶ್ರೂಷಾ ಪರಿಷತ್ತು 2021ರಲ್ಲಿ ತಂದ ಪಠ್ಯಕ್ರಮದಲ್ಲಿ ಕಡೆಯ ಸೆಮಿಸ್ಟರ್ ಇಂಟರ್ನ್‌ಶಿಪ್‌ಗೇ ಮೀಸಲು. ಹೆರಿಗೆ ವಾರ್ಡು, ರಾತ್ರಿ ಪಾಳಿ, ಡ್ರಿಪ್ಪು, ಡ್ರೆಸ್ಸಿಂಗು ಎಲ್ಲವನ್ನೂ ದಾಟಿ, ಪರೀಕ್ಷೆ ಪಾಸಾಗಿ, ಕರ್ನಾಟಕ ರಾಜ್ಯ ಶುಶ್ರೂಷಾ ಪರಿಷತ್ತಿನಲ್ಲಿ ನೋಂದಣಿಯಾದ ಮೇಲೆ ಕಾನೂನಿನ ಕಣ್ಣಲ್ಲಿ ಅವರು ಪೂರ್ಣ ನರ್ಸ್. ‘ಟ್ರೈನಿ ನರ್ಸ್’ ಎಂದು ಸೇರಿಸಿಕೊಂಡ ನರ್ಸಿಂಗ್ ಹೋಮು ಆಕೆಗೆ ಕಲಿಸಲೆಂದು ಹಿರಿಯ ಸಿಸ್ಟರ್ ಒಬ್ಬರನ್ನು ಪಕ್ಕದಲ್ಲಿ ನಿಲ್ಲಿಸಿದರೆ ಆ ಹೆಸರಿಗೆ ಅರ್ಥವಿತ್ತು. ಸೇರಿದ ವಾರದಲ್ಲೇ ರಾತ್ರಿ ಪಾಳಿಗೆ ಒಬ್ಬಳನ್ನೇ ಬಿಡುವ ಕಡೆ ತರಬೇತಿ ಎಲ್ಲಿ ಬಂತು? ಅಲ್ಲಿ ಅನುಭವದ ಮಾತು ಸಂಬಳ ಇಳಿಸುವ ಚೌಕಾಸಿ, ಅಷ್ಟೇ.

ಸಂಬಳದ ವಿಷಯದಲ್ಲಿ ದೇಶಕ್ಕೊಂದು ಅಳತೆಗೋಲು ಇಲ್ಲದಿಲ್ಲ. ಸುಪ್ರೀಂ ಕೋರ್ಟು 2016ರ ಜನವರಿಯಲ್ಲಿ ಕೊಟ್ಟ ನಿರ್ದೇಶನದಂತೆ ಕೇಂದ್ರ ಸರ್ಕಾರ ರಚಿಸಿದ ಸಮಿತಿ, 50 ಹಾಸಿಗೆಗಿಂತ ಚಿಕ್ಕ ಖಾಸಗಿ ಆಸ್ಪತ್ರೆಯೂ ನರ್ಸ್‌ಗೆ ತಿಂಗಳಿಗೆ 20,000 ರೂಪಾಯಿಗಿಂತ ಕಡಿಮೆ ಕೊಡಬಾರದು ಎಂದಿತು. 200ಕ್ಕಿಂತ ಹೆಚ್ಚು ಹಾಸಿಗೆಯ ಆಸ್ಪತ್ರೆ ಸರ್ಕಾರಿ ನರ್ಸ್‌ಗೆ ಸರಿಸಮನಾಗಿ ಕೊಡಬೇಕು ಎಂದೂ ಹೇಳಿತು. ಜಾರಿಯ ಹೊಣೆ ಬಿದ್ದದ್ದು ರಾಜ್ಯಗಳ ಮೇಲೆ. ಗುಂಡ್ಲುಪೇಟೆಯಿಂದ ಬಂಡೀಪುರದ ಕಾಡು ದಾಟಿದರೆ ಸಿಗುವ ವಯನಾಡಿನ ರಾಜ್ಯ, ಕೇರಳ, ನರ್ಸ್‌ಗಳ ಸಂಘಟನೆ ಮುಷ್ಕರದ ಬೆದರಿಕೆ ಹಾಕಿದ ಮೇಲೆ 2018ರ ಏಪ್ರಿಲ್‌ನಲ್ಲಿ 20,000 ರೂಪಾಯಿ ಮೂಲ ವೇತನದ ಅಧಿಸೂಚನೆ ಹೊರಡಿಸಿತು. ಆಸ್ಪತ್ರೆ ಮಾಲೀಕರು ಅದರ ವಿರುದ್ಧ ಕೋರ್ಟಿನ ಮೆಟ್ಟಿಲು ಹತ್ತಿದ್ದೂ ನಿಜ. ಆದರೂ ಅಲ್ಲಿ ಜಗಳವಾಡಲು ಒಂದು ಅಂಕಿ ಇತ್ತು. ನಮ್ಮ ಸಣ್ಣ ಪೇಟೆಗಳಲ್ಲಿ ಹೊಸ ನರ್ಸ್ ಸಂಬಳ ಕೇಳುವಾಗ ಅಂಥ ಅಂಕಿ ಮಾತಿಗೇ ಬರುವುದಿಲ್ಲ. ‘ಮೊದಲು ಕೆಲಸ ನೋಡೋಣ’ ಎಂಬಲ್ಲಿಗೆ ಮಾತು ಮುಗಿಯುತ್ತದೆ.

ಸರ್ಕಾರಿ ಬಾಗಿಲು ಇದಕ್ಕಿಂತ ಮರ್ಯಾದೆಯದು. ರಾಷ್ಟ್ರೀಯ ಆರೋಗ್ಯ ಅಭಿಯಾನದ ಗುತ್ತಿಗೆ ಹುದ್ದೆಗಳಿಗೆ ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಂಘ ಪ್ರಕಟಣೆ ಕೊಡುತ್ತದೆ. ಅಂಕ ಮತ್ತು ಮೀಸಲಾತಿ ರೋಸ್ಟರ್ ನೋಡಿ ಪಟ್ಟಿ ತಯಾರಾಗುತ್ತದೆ. ಶಿಫಾರಸು ಇಲ್ಲದ ಮನೆಯ ಹುಡುಗಿಗೆ ಅಂಕಪಟ್ಟಿಯೇ ಶಿಫಾರಸು. ಈ ಪದ್ಧತಿಯ ದೊಡ್ಡ ಗುಣ ಇದು, ಇದನ್ನು ಕೈಬಿಡಬಾರದು. ಆದರೆ ಅಂಕಪಟ್ಟಿಗೆ ಕಾಣದ್ದೂ ಬಹಳವಿದೆ. ತಮಿಳುನಾಡಿನ ತಾಳವಾಡಿಯ ಕನ್ನಡ, ಗಡಿಯಾಚೆಯ ಮಲಯಾಳ, ಹಾಡಿಯ ಸೋಲಿಗರ ಮಾತು, ಜೇನು ಕುರುಬರ ಮಾತು ಎಲ್ಲವೂ ಈ ಜಿಲ್ಲೆಯ ಆಸ್ಪತ್ರೆಗಳ ಮುಂದೆ ಸಾಲು ನಿಲ್ಲುತ್ತವೆ. ಎಲ್ಲಿ ನೋವು, ಎಷ್ಟು ದಿನದಿಂದ ಎಂದು ರೋಗಿಯ ಮಾತಿನಲ್ಲೇ ಕೇಳಬಲ್ಲ ನರ್ಸ್‌ಗೆ ಪಟ್ಟಿಯಲ್ಲಿ ಒಂದು ಅಂಕವೂ ಹೆಚ್ಚಿಗೆ ಸಿಗದು.

ಅದಕ್ಕಿಂತ ದೊಡ್ಡ ಕೊರತೆ ಕೆಲಸ ಸಿಕ್ಕ ಮೇಲಿನದು. ಗುತ್ತಿಗೆ ವರ್ಷದ್ದು, ಮಾರ್ಚ್ ಬಂದರೆ ನವೀಕರಣದ ಚಿಂತೆ. 2023ರ ಫೆಬ್ರವರಿಯಲ್ಲಿ ಈ ನೌಕರರು ರಾಜ್ಯದ ಎಲ್ಲೆಡೆಯಿಂದ ಬಂದು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಕೂತು ಕೇಳಿದ್ದು ಕಾಯಮಾತಿಯನ್ನು. ಕೋವಿಡ್ ಕಾಲದಲ್ಲಿ ಆರು ತಿಂಗಳ ಲೆಕ್ಕದಲ್ಲಿ ನರ್ಸ್‌ಗಳನ್ನು ತುಂಬಿಕೊಂಡು, ಅಲೆ ಇಳಿದಾಗ ಮನೆಗೆ ಕಳಿಸಿದ್ದನ್ನು ರಾಜ್ಯ ಕಂಡಿದೆ. 2021ರ ಮೇ 2ರ ರಾತ್ರಿ ಇದೇ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಆಮ್ಲಜನಕ ಮುಗಿದು, 24 ಗಂಟೆಯಲ್ಲಿ 24 ಮಂದಿ ತೀರಿಕೊಂಡರು. ಸಿಲಿಂಡರ್ ಬರದಿದ್ದರ ಹೊಣೆ ಆಡಳಿತದ್ದು. ರೋಗಿಗಳ ಮಂಚದ ಪಕ್ಕ ನಿಂತು ಆ ರಾತ್ರಿ ಕಳೆದವರು ವಾರ್ಡಿನ ಸಿಬ್ಬಂದಿ. ಅಂಥ ರಾತ್ರಿ ಕಂಡ ಜಿಲ್ಲೆ ವಾರ್ಡಿನ ಕೈಗಳನ್ನು ಹಂಗಾಮಿ ಎಂದು ಎಣಿಸುತ್ತಲೇ ಇರುವುದಾದರೆ ಅದು ಕಲಿತ ಪಾಠವಾದರೂ ಏನು?

ಬೇರೆ ರೀತಿ ಸಾಧ್ಯ ಎಂಬುದಕ್ಕೆ ಸಾಕ್ಷಿ ಹುಡುಕಲು ಜಿಲ್ಲೆಯ ಹೊರಗೆ ಹೋಗಬೇಕಿಲ್ಲ. ಡಾ. ಎಚ್. ಸುದರ್ಶನ್ 1981ರಲ್ಲಿ ಬಿಳಿಗಿರಿರಂಗನ ಬೆಟ್ಟದಲ್ಲಿ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ, ಗಿರಿಜನ ಹೆಣ್ಣುಮಕ್ಕಳನ್ನೇ ಎಎನ್‌ಎಂ (ಸಹಾಯಕ ನರ್ಸ್ ಮತ್ತು ಸೂಲಗಿತ್ತಿ) ತರಬೇತಿಗೆ ಆರಿಸಿತು. ಕಲಿತವರು ತಮ್ಮ ಜನರ ನಡುವೆಯೇ ಕೆಲಸಕ್ಕೆ ನಿಂತರು. ಅವರದೇ ಕರುಣಾ ಟ್ರಸ್ಟ್ 1996ರಲ್ಲಿ ಯಳಂದೂರು ತಾಲ್ಲೂಕಿನ ಗುಂಬಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಸರ್ಕಾರದಿಂದ ವಹಿಸಿಕೊಂಡು ನಡೆಸತೊಡಗಿತು. ಆ ಎಎನ್‌ಎಂ ತರಬೇತಿಯ ಹಿಂದಿನ ಲೆಕ್ಕಾಚಾರ ಸರಳ: ಯಾವ ಹಾಡಿಗೆ ಯಾರು ಬೇಕು ಎಂದು ಮೊದಲು ತಿಳಿ, ಆಮೇಲೆ ಆ ಕೆಲಸಕ್ಕೆ ಕಲಿಸು. ಆಗ ‘ಅನುಭವ ಎಷ್ಟು’ ಎಂದು ಬಾಗಿಲಲ್ಲಿ ಕೇಳುವ ಅಗತ್ಯವೇ ಬೀಳದು. ಈ ಮಾದರಿಗೂ ಮಿತಿಯಿದೆ. ಎಎನ್‌ಎಂ ಆದವಳು ಜಿಎನ್‌ಎಂ, ಬಿಎಸ್ಸಿಗೆ ಏರಲು ಮತ್ತೆ ಮನೆ ಬಿಟ್ಟು, ಖರ್ಚು ಹೊತ್ತು ಓದಬೇಕು. ಸಂಸ್ಥೆಯೊಂದರ ನಿಷ್ಠೆಯಿಂದ ನಡೆಯುವುದು ಇಡೀ ಜಿಲ್ಲೆಗೆ ತಾನಾಗಿ ಹರಡದು.

ಹರಡುವ ಕೆಲಸ ಸರ್ಕಾರದ್ದೇ, ಅದಕ್ಕೆ ಜಾಗವೂ ಇದೆ. 2016ರಲ್ಲಿ ಆರಂಭವಾದ ಚಾಮರಾಜನಗರ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಗೆ ಈಗ 450 ಹಾಸಿಗೆಯ ಬೋಧನಾ ಆಸ್ಪತ್ರೆಯಿದೆ. 2021ರ ಅಕ್ಟೋಬರ್‌ನಲ್ಲಿ ಅಂದಿನ ರಾಷ್ಟ್ರಪತಿಗಳು ಅದನ್ನು ಉದ್ಘಾಟಿಸಿದರು. ಎಂಬಿಬಿಎಸ್ ಮುಗಿಸಿದವರಿಗೆ ಹಿರಿಯರ ಕಣ್ಗಾವಲಿನಲ್ಲಿ ಕೆಲಸ ಮಾಡುವ ವ್ಯವಸ್ಥೆ ಬೋಧನಾ ಆಸ್ಪತ್ರೆಗಳಲ್ಲಿ ಸಹಜ. ಜಿಲ್ಲೆಯಲ್ಲಿ ನೋಂದಣಿಯಾದ ಹೊಸ ನರ್ಸ್‌ಗೂ ಅಲ್ಲಿ ಪೂರ್ಣ ಸಂಬಳದ ಒಂದು ವರ್ಷ ಕೊಡಬಹುದು. ವರ್ಷ ಮುಗಿದಾಗ ಸಿಗುವ ಪತ್ರ ಗುಂಡ್ಲುಪೇಟೆ, ಹನೂರು, ಕೊಳ್ಳೇಗಾಲದ ಆಸ್ಪತ್ರೆಗಳ ನೇಮಕಾತಿಯಲ್ಲಿ ಲೆಕ್ಕಕ್ಕೆ ಬರಬೇಕು, ಸ್ಥಳೀಯ ಭಾಷೆ ಬಲ್ಲವರಿಗೆ ಒಂದಷ್ಟು ಅಂಕ ಸಿಗಬೇಕು. ಖಾಸಗಿಯವರಿಗೆ ಕನಿಷ್ಠ ವೇತನದ ಅಂಕಿ ಬರೆದಿಟ್ಟು, ಪಾಲಿಸಿದ್ದಾರೆಯೇ ಎಂದು ಕಾರ್ಮಿಕ ಇಲಾಖೆ ನೋಡಬೇಕು.

ಇದಕ್ಕೆ ಹಣ ಬೇಕು ಎಂಬ ಆಕ್ಷೇಪ ಬರುವುದು ಖಚಿತ. ಹಣ ಈಗಲೂ ಹೋಗುತ್ತಿದೆ. ಇಲ್ಲಿನ ರೋಗಿಗಳ ಮಂಚದ ಬಳಿ ಕಲಿತವಳು ಬೇರೆ ಊರಿನ ವಾರ್ಡಿಗೆ ಸೇರಿದಾಗ ಆ ಕಲಿಕೆಯ ವೆಚ್ಚ ಹೊತ್ತದ್ದು ಈ ಜಿಲ್ಲೆ, ಫಲ ಉಂಡದ್ದು ಮತ್ತೊಂದು ಊರು. ಅನುಭವ ಕೇಳುವ ಹಕ್ಕು ಆಸ್ಪತ್ರೆಗಿದೆ, ಒಪ್ಪೋಣ. ಆ ಅನುಭವ ಕೊಡುವ ಖರ್ಚಿನಲ್ಲಿ ಪಾಲು ಹೊತ್ತ ಆಸ್ಪತ್ರೆಗೆ ಮಾತ್ರ ಆ ಹಕ್ಕು ಸಲ್ಲಬೇಕು.