ಹೊಳೆಯಂಚಿನ ಅಳತೆಯೂ ಹೊಳೆಯಂಚಿನ ಹಸುರೂ

ಹೊಳೆಹಳ್ಳಗಳ ದಡದಿಂದ ಕಟ್ಟಡಗಳು ಎಷ್ಟು ದೂರ ನಿಲ್ಲಬೇಕೆಂಬ ಪ್ರಶ್ನೆ ನಮ್ಮ ರಾಜ್ಯದಲ್ಲಿ ಬಹುಮಟ್ಟಿಗೆ ಬೆಂಗಳೂರಿನ ಕೆರೆ ಮತ್ತು ರಾಜಕಾಲುವೆಗಳನ್ನು ಕುರಿತೇ ಚರ್ಚೆಗೆ ಬಂದಿದೆ. ಆ ಚರ್ಚೆಯ ಮೂಲ ವಿಧಿಗಳನ್ನು ಕಿರುಗಾವಲಿನ ಕಡೆಯಿಂದ ಓದಿ ನೋಡುವುದು ಈ ಟಿಪ್ಪಣಿಯ ಉದ್ದೇಶ. ಇದಕ್ಕೆ ಕಾರಣವುಂಟು. ಕಿರುಗಾವಲು ಮಳವಳ್ಳಿ ತಾಲ್ಲೂಕಿನ ಹೋಬಳಿ. ಬೆಂಗಳೂರು ಕುಡಿಯುವ ಕಾವೇರಿಯ ನೀರು ಶುದ್ಧಿಗೊಂಡು ಹೊರಡುವ ತೊರೆಕಾಡನಹಳ್ಳಿಯೂ ಇದೇ ತಾಲ್ಲೂಕಿನದು.

2007ರಲ್ಲಿ ಅನುಮೋದಿತವಾದ ಬೆಂಗಳೂರಿನ ಪರಿಷ್ಕೃತ ಮಹಾಯೋಜನೆಯು ಕೆರೆಗೆ 30 ಮೀಟರು, ಪ್ರಥಮ, ದ್ವಿತೀಯ, ತೃತೀಯ ದರ್ಜೆಯ ಕಾಲುವೆಗಳಿಗೆ ಕ್ರಮವಾಗಿ 50, 25, 15 ಮೀಟರು ಅಂತರವನ್ನು ವಿಧಿಸಿತು. ಕಾಲುವೆಗಳ ಅಳತೆ ನಡುಗೆರೆಯಿಂದ. 2016ರ ಮೇ 4ರಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ಕೆರೆಯ ಅಂತರವನ್ನು 75 ಮೀಟರಿಗೆ ಏರಿಸಿ, ಕಾಲುವೆಗಳಿಗೆ 50, 35, 25 ಮೀಟರುಗಳನ್ನು ಅಂಚಿನಿಂದ ಅಳೆಯಬೇಕೆಂದಿತು. ಶಾಸನಬದ್ಧ ಯೋಜನೆಯನ್ನು ತಿದ್ದುವ ಅಧಿಕಾರ ಮಂಡಳಿಗಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2019ರ ಮಾರ್ಚ್ 5ರಂದು ಈ ಭಾಗವನ್ನು ರದ್ದುಗೊಳಿಸಿತು.

ಈ ವಾದದಲ್ಲಿ ಎರಡು ಪಕ್ಷಗಳೂ ಹಿಡಿದು ನಿಂತದ್ದು ಮೀಟರನ್ನು. ನಡುಗೆರೆಯೋ ಅಂಚೋ ಎಂಬುದು ಅಲ್ಪ ವಿಷಯವಲ್ಲ. ಕಾಲುವೆ ಅಗಲವಾದಷ್ಟೂ ನಡುಗೆರೆಯಿಂದ ಅಳೆದ ಪಟ್ಟಿಯಲ್ಲಿ ನೆಲಕ್ಕಿಂತ ನೀರೇ ಹೆಚ್ಚಾಗುತ್ತದೆ. ಆದರೆ ಬಿಟ್ಟ ನೆಲದಲ್ಲಿ ಏನಿರಬೇಕು? ಮಹಾಯೋಜನೆ ಅಲ್ಲಿ ರಸ್ತೆಗೂ ಕೊಳಚೆನೀರಿನ ಶುದ್ಧೀಕರಣ ಘಟಕಕ್ಕೂ ಎಡೆಗೊಟ್ಟಿತು. ಮಂಡಳಿ ಆ ಪಟ್ಟಿಯನ್ನು ಹಸುರು ವಲಯವೆಂದು ಕರೆದರೂ, ಅದರ ಲಕ್ಷಣವನ್ನು ಹೇಳುವಾಗ ಕಟ್ಟಡನಿಷೇಧವನ್ನೇ ಮುಂದಿಟ್ಟಿತು. ಹಸುರೆಂಬುದು ಹೆಸರಿನಲ್ಲಿ ಉಳಿಯಿತು. ಮಣ್ಣನ್ನು ಹಿಡಿಯುವುದು ಬೇರು. ಹರಿವ ನೀರನ್ನು ತಡೆದು ಹೂಳನ್ನು ಇಳಿಸುವುದು ಹುಲ್ಲು. ಬರಿಯ ದೂರ ಇವೆರಡನ್ನೂ ಮಾಡಲಾರದು.

ಕಿರುಗಾವಲಿನ ಸೀಮೆಗೆ ಬಂದರೆ ಈ ಕೊರತೆ ಇನ್ನೂ ಸ್ಪಷ್ಟವಾಗುತ್ತದೆ. ಮಳವಳ್ಳಿ ತಾಲ್ಲೂಕಿನ ಹಳ್ಳಗಳು ಕೊನೆಗೆ ಕಾವೇರಿಯನ್ನೋ ಶಿಂಷೆಯನ್ನೋ ಸೇರುತ್ತವೆ. ಬತ್ತ ಕಬ್ಬುಗಳ ಇಂಥ ನಾಡಿನಲ್ಲಿ ಹಳ್ಳದ ಅಂಚನ್ನು ಒತ್ತುವುದು ಕಟ್ಟಡಕ್ಕಿಂತ ಹೆಚ್ಚಾಗಿ ನೇಗಿಲು. ಕಟ್ಟಡವನ್ನು ಮಾತ್ರ ತಡೆಯುವ ವಿಧಿಗೆ ಇಲ್ಲಿ ಕೆಲಸವೇ ಇಲ್ಲ. ಹಾಗೆಂದು ನಗರದ ಅಳತೆಯನ್ನು ಇಲ್ಲಿಗೆ ತಂದು ಉಳುಮೆಯನ್ನೇ ನಿಷೇಧಿಸುವುದೂ ನ್ಯಾಯವಲ್ಲ. ಒಂದು ಎಕರೆಯ ಚೌಕ ಜಮೀನಿನ ಬದಿ ಸುಮಾರು 64 ಮೀಟರು. ಹಳ್ಳದ ಕಡೆ 15 ಮೀಟರು ಬಿಟ್ಟರೆ ಸಣ್ಣ ಹಿಡುವಳಿದಾರನ ಭೂಮಿಯಲ್ಲಿ ಹೆಚ್ಚುಕಡಮೆ ಕಾಲುಭಾಗ ಹೋದಂತೆ. ಕುಡಿಯುವವರು ನಗರದವರು, ನೆಲ ಬಿಡುವವನು ರೈತನೊಬ್ಬನೇ ಎಂದಾಗಬಾರದು.

ಆದಕಾರಣ ವಿಧಿಯ ಭಾಷೆ ಬದಲಾಗಬೇಕು. ಪಟ್ಟಿ ಕಿರಿದಾದರೂ ಅದರಲ್ಲಿ ಬೇರೂರಿದ ಗಿಡಮರಗಳಿರಬೇಕೆಂದು ಅದು ಹೇಳಲಿ. ಹೊಂಗೆ, ನೇರಳೆ, ಬಿದಿರು, ಹೊಳೆಮತ್ತಿಗಳನ್ನು ಹೆಸರಿಸಲಿ. ಅವುಗಳ ಫಲವನ್ನು ಜಮೀನಿನವನಿಗೇ ಬಿಟ್ಟು, ನಷ್ಟವನ್ನು ನೀರು ಪಡೆಯುವ ನಗರ ಹಂಚಿಕೊಳ್ಳಲಿ. ಹೊಳೆಮತ್ತಿಯ ಸಾಲು ಹೊಳೆಯನ್ನು ಕಾಯುವ ಬಗೆಯನ್ನು ದೂರ ಹೋಗಿ ಕಲಿಯಬೇಕಾಗಿಲ್ಲ. ಕೆಳಗಡೆ, 1987ರಲ್ಲಿ ಘೋಷಿತವಾದ ಕಾವೇರಿ ವನ್ಯಧಾಮದ ದಡಗಳಲ್ಲಿ ಅದು ಇಂದಿಗೂ ನಿಂತಿದೆ. ಅಳತೆಗೋಲು ದಡವನ್ನು ಗುರುತಿಸಬಲ್ಲುದು. ಉಳಿಸಬಲ್ಲುದು ಬೇರು ಮಾತ್ರ.