‘ವಾನ್‌ಗುವೊ ಗೊಂಗ್‌ಫಾ’: ಹಕ್ಕು ಮತ್ತು ಬಲಗಳ ನಡುವೆ

ಅಂತರರಾಷ್ಟ್ರೀಯ ಕಾನೂನಿನ ಬಗೆಗೆ ಚೀನೀಯರು ತಳೆದ ನಿಲುವನ್ನು ವಿವರಿಸುವವರು ಸಾಮಾನ್ಯವಾಗಿ ಯುದ್ಧ ಮತ್ತು ಒಪ್ಪಂದಗಳಿಂದ ಆರಂಭಿಸುತ್ತಾರೆ. ನಾವು ಒಂದು ಅನುವಾದದಿಂದ ಆರಂಭಿಸಬಯಸುತ್ತೇವೆ. ಅಮೆರಿಕದ ಹೆನ್ರಿ ವೀಟನ್ನರು 1836ರಲ್ಲಿ ಪ್ರಕಟಿಸಿದ ಕಾನೂನು ಗ್ರಂಥವನ್ನು ಪಾದ್ರಿ ಡಬ್ಲ್ಯು. ಎ. ಪಿ. ಮಾರ್ಟಿನ್ನರು ಚೀನೀ ವಿದ್ವಾಂಸರ ನೆರವಿನಿಂದ 1864ರಲ್ಲಿ ‘ವಾನ್‌ಗುವೊ ಗೊಂಗ್‌ಫಾ’ ಎಂಬ ಹೆಸರಿನಲ್ಲಿ ಚೀನೀ ಭಾಷೆಗೆ ತಂದರು. ಸಮಸ್ತ ರಾಷ್ಟ್ರಗಳಿಗೂ ಸಮಾನವಾದ ಕಾನೂನು ಎಂಬುದು ಈ ಶೀರ್ಷಿಕೆಯ ಭಾವ. ಮೂಲದಲ್ಲಿಯಾದರೋ ವೀಟನ್ನರು ಈ ಕಾನೂನು ಬಹುಮಟ್ಟಿಗೆ ಯೂರೋಪಿನ ಕ್ರೈಸ್ತ ಜನಾಂಗಗಳಿಗೆ ಸೀಮಿತವೆಂದೇ ಭಾವಿಸಿದ್ದರು. ಮೂಲವು ನೀಡದ ಭರವಸೆಯನ್ನು ಅನುವಾದದ ಶೀರ್ಷಿಕೆ ನೀಡಿತು.

ಇದಕ್ಕಿಂತ ಗಮನಾರ್ಹವಾದುದು ‘ಹಕ್ಕು’ ಎಂಬುದಕ್ಕೆ ಬಳಸಲಾದ ‘ಚುವಾನ್‌ಲಿ’ ಎಂಬ ಪದ. ಪ್ರಾಚೀನ ಚೀನೀ ಗ್ರಂಥಗಳಲ್ಲಿ ಅದು ಬಲ ಮತ್ತು ಲಾಭಗಳನ್ನು ಸೂಚಿಸುತ್ತಿತ್ತು. ಸಜ್ಜನನು ಅವುಗಳಿಂದ ವಿಚಲಿತನಾಗಬಾರದೆಂಬುದು ಹಿರಿಯರ ಬೋಧೆ. ಹೊರನಾಡಿನಲ್ಲಿರುವ ನಮ್ಮ ಓದುಗರಿಗೆ ಇಂತಹ ತೊಡಕು ಅಪರಿಚಿತವಲ್ಲ. ಹಿಂದಿಯ ‘ಅಧಿಕಾರ’ ಹಕ್ಕನ್ನು ಹೇಳಿದರೆ, ಕನ್ನಡದ ‘ಅಧಿಕಾರ’ ಆಳುವವರ ಬಲವನ್ನೇ ಮೊದಲು ನೆನಪಿಗೆ ತರುತ್ತದೆ. ಹೊಸ ಅರ್ಥವನ್ನು ಹೊತ್ತ ಹಳೆಯ ಪದವು ತನ್ನ ಪೂರ್ವಸಂಸ್ಕಾರವನ್ನು ಸುಲಭವಾಗಿ ಬಿಡುವುದಿಲ್ಲ.

ಇತಿಹಾಸವು ಈ ಎರಡೂ ಅರ್ಥಗಳನ್ನು ಸಮರ್ಥಿಸಿತು. 1864ರಲ್ಲಿ ಪ್ರಶ್ಯದವರು ಚೀನೀ ಜಲಪ್ರದೇಶದಲ್ಲಿ ಡೆನ್ಮಾರ್ಕಿನ ಹಡಗುಗಳನ್ನು ವಶಪಡಿಸಿಕೊಂಡಾಗ, ಚೀನೀ ಅಧಿಕಾರಿಗಳು ಇದೇ ಅನುವಾದದ ತತ್ತ್ವಗಳನ್ನು ಮುಂದಿಟ್ಟು ಅವುಗಳನ್ನು ಬಿಡಿಸಿದರು. ಆದರೆ 1842ರ ನಾನ್‌ಜಿಂಗ್ ಒಪ್ಪಂದದೊಡನೆ ಆರಂಭವಾದ ಅಸಮಾನ ಒಪ್ಪಂದಗಳನ್ನು ಆ ಗ್ರಂಥವು ಸಡಿಲಿಸಲಾರದೆ ಹೋಯಿತು. ತಮ್ಮ ಪ್ರಜೆಗಳನ್ನು ಚೀನೀ ನ್ಯಾಯಾಲಯಗಳಿಂದ ಹೊರಗಿಡುವ ವಿಶೇಷಾಧಿಕಾರವನ್ನು ಬ್ರಿಟನ್ ಮತ್ತು ಅಮೆರಿಕಗಳು ಬಿಟ್ಟುಕೊಟ್ಟುದು 1943ರಲ್ಲಿ. ಸಾರ್ವಭೌಮತ್ವವನ್ನು ಚೀನೀ ಚಿಂತಕರು ಅಷ್ಟೊಂದು ಬಿಗಿಯಾಗಿ ಹಿಡಿದುದಕ್ಕೆ ಈ ನೂರು ವರ್ಷಗಳ ಅನುಭವವೇ ಕಾರಣ. 1954ರ ಭಾರತ-ಚೀನಾ ಒಪ್ಪಂದದ ಪೀಠಿಕೆಯಲ್ಲಿರುವ ಪಂಚಶೀಲದ ಮೊದಲ ಸೂತ್ರವೂ ಅದನ್ನೇ ಹೇಳುತ್ತದೆ. ವಾಂಗ್ ತಿಯೆಯಾ ಅವರ 1990ರ ಹೇಗ್ ಉಪನ್ಯಾಸಗಳೂ ಇದೇ ನೆಲೆಯವು.

ಈ ವಾದದ ನೈತಿಕ ತೂಕವನ್ನು ನಾವು ಒಪ್ಪುತ್ತೇವೆ. ಅದು ಪರಿಪೂರ್ಣವೆಂದು ಒಪ್ಪಲಾರೆವು. ಫಿಲಿಪ್ಪೀನ್ಸ್ ಹೂಡಿದ ದಕ್ಷಿಣ ಚೀನಾ ಸಮುದ್ರದ ವ್ಯಾಜ್ಯದಲ್ಲಿ ಪಂಚಾಯ್ತಿ ಮಂಡಳಿಯು 2016ರಲ್ಲಿ ನೀಡಿದ ತೀರ್ಪನ್ನು, ಮಂಡಳಿಗೆ ವಿಚಾರಣೆಯ ವ್ಯಾಪ್ತಿಯೇ ಇಲ್ಲವೆಂದು ಚೀನಾ ತಿರಸ್ಕರಿಸಿತು. ಇಲ್ಲಿ ಚೀನಾ ದುರ್ಬಲ ಪಕ್ಷವಲ್ಲ. ದುರ್ಬಲನ ರಕ್ಷಾಕವಚವಾಗಿದ್ದ ವಾದವೇ ಪ್ರಬಲನ ಕೈಗೆ ಬಂದಾಗ ಅದರ ಅರ್ಥ ಬದಲಾಗುತ್ತದೆ. ಚೀನೀ ದೃಷ್ಟಿಯನ್ನು ವಿಮರ್ಶಿಸುವವರು ಹಿಂದಿನ ಅವಮಾನವನ್ನು ಮರೆಯಬಾರದು. ಅದನ್ನೇ ಇಂದಿನ ನಡೆಗೆ ಸಮರ್ಥನೆಯೆಂದೂ ಎಣಿಸಬಾರದು. ಚುವಾನ್‌ಲಿಯಲ್ಲಿ ಹಕ್ಕು ಎಷ್ಟು, ಬಲ ಎಷ್ಟು ಎಂಬ ಪ್ರಶ್ನೆಯನ್ನು ಪ್ರತಿ ಸಂದರ್ಭದಲ್ಲಿಯೂ ಹೊಸದಾಗಿಯೇ ಕೇಳಬೇಕಾಗುತ್ತದೆ.